ತವರಿಲ್ಲದವಳಿಗೆ ಜೋಡಿ ಮೊರ

ಶಿವಮೊಗ್ಗದ ಮೇದರ ಕೇರಿಯ ವೀರಮ್ಮ ಹೆಣೆದ ಮೊರಕ್ಕೆ ಊರಿನಲ್ಲಿ ಹೆಸರಿತ್ತು. ಗೌರಿ ಹಬ್ಬ ಹತ್ತಿರವಾದಂತೆ ದುರ್ಗಿಗುಡಿಯ ಹೆಂಗಸರು ಅವಳ ಬಾಗಿಲಿಗೇ ಬರುತ್ತಿದ್ದರು. ಬಾಗಿನಕ್ಕೆ ಜೋಡಿ ಮೊರ ಬೇಕು. ಒಂದರಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ತುಂಬಿ ಇನ್ನೊಂದನ್ನು ಅದರ ಮೇಲೆ ಮುಚ್ಚಬೇಕು. ಅಂಚಿಗೆ ಅಂಚು ಕೂರಬೇಕು. ಅದಕ್ಕೆಂದೇ ವೀರಮ್ಮ ಒಂದೇ ಬಿದಿರಿನ ಸೀಳಿನಲ್ಲಿ ಎರಡನ್ನೂ ಹೆಣೆಯುತ್ತಿದ್ದಳು. ಊರಿನ ಎಷ್ಟೋ ಹೆಣ್ಣುಮಕ್ಕಳಿಗೆ ತವರಿನ ಬಾಗಿನ ಹೋದದ್ದು ಅವಳ ಮೊರದಲ್ಲಿ. ಅವಳ ಮಗಳಿಗೆ ಮಾತ್ರ ಹೋಗಿರಲಿಲ್ಲ.

ಮಗಳು ಮಹಾಂತಮ್ಮ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮುನಿಸ್ವಾಮಿ ಎಂಬ ತಮಿಳು ಹುಡುಗನನ್ನು ಹಟ ಹಿಡಿದು ಮದುವೆಯಾಗಿದ್ದಳು. ಅವಳು ಮನೆ ಬಿಟ್ಟ ದಿನ ವೀರಮ್ಮ ಹೊಸ್ತಿಲಲ್ಲಿ ನಿಂತು, "ನಿನ್ನ ಪಾಲಿಗೆ ನಿಮ್ಮವ್ವ ಸತ್ತಳು ಅಂದ್ಕೊ" ಎಂದಿದ್ದಳು. ಕೇರಿಯವರು ವೀರಮ್ಮನನ್ನು ಗಟ್ಟಿಗಿತ್ತಿ ಎಂದು ಹೊಗಳಿದರು. ಕೆಲವು ವರ್ಷ ಆ ಹೊಗಳಿಕೆಯಲ್ಲೇ ಅವಳ ಗೌರಿ ಹಬ್ಬಗಳು ಕಳೆದವು. ಆಮೇಲೆ ಅದು ಸಾಲದಾಯಿತು.

ಭದ್ರಾವತಿಯ ಪಕ್ಕದ ಬಿದರುಗಟ್ಟೆಯಲ್ಲಿ ಗೌರಿ ಹಬ್ಬಕ್ಕೆ ಮುಂಚೆ ಬುಟ್ಟಿ ಹಬ್ಬ ನಡೆಯುತ್ತಿತ್ತು. ಸುತ್ತಲಿನ ಮೇದರು, ಕುಂಬಾರರು, ಕಂಬಳಿ ನೇಯುವವರು ಶಾಲೆಯ ಬಯಲಿನಲ್ಲಿ ಸೇರಿ, ಬಿದಿರಿಗೂ ಕತ್ತಿಗೂ ಪೂಜೆ ಮಾಡಿ, ಜನರೆದುರಿಗೇ ಕೂತು ಕೆಲಸ ಮಾಡಿ ಮಾರುತ್ತಿದ್ದರು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ವೀರಮ್ಮ ಆ ಹಬ್ಬಕ್ಕೆ ಹೊರಟಾಗ, ಅರಿಶಿನ ಬಳಿದ ಒಂದು ಜೋಡಿಯನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಕೊಂಡಳು. ಗಂಡ ಲಿಂಗಪ್ಪ ನೋಡಿದ. ಹೊರೆ ಎತ್ತಿಕೊಟ್ಟ.

ಬಯಲಿನಲ್ಲಿ ಅವಳ ಪಕ್ಕಕ್ಕೆ ಕೂತವನು ಅವರದೇ ಕೇರಿಯ ಮುದುಕ ಉಜ್ಜನಪ್ಪ.

"ಏನ್ ವೀರಮ್ಮ, ಆ ಜೋಡಿಗೆ ಮುಸುಕು ಹಾಕಿ ಕೂರಿಸಿದೀಯ. ಮದುಮಗಳಾ ಅದು?"

"ಅದು ಮಾರೋಕಲ್ಲ ಕಣಣ್ಣ. ಸಂಜೆ ಭದ್ರಾವತಿಗೆ ಹೋಗ್ತೀನಿ."

ಉಜ್ಜನಪ್ಪನ ನಗು ನಿಂತಿತು. "ಹೋಗು. ತಡ ಮಾಡಿದೆ. ಆದ್ರೂ ಹೋಗು."

ಮಧ್ಯಾಹ್ನದ ಹೊತ್ತಿಗೆ ಅವಳ ಮೊರಗಳೆಲ್ಲ ಖಾಲಿಯಾದವು. ಆಗ ಕೈಚೀಲ ಹಿಡಿದ ಹೆಂಗಸೊಬ್ಬಳು ಬೆವರು ಒರೆಸಿಕೊಳ್ಳುತ್ತ ಬಂದು ಎದುರಿಗೆ ಕುಕ್ಕರಿಸಿದಳು. ತಾನು ಭದ್ರಾವತಿಯ ಶಾಂತಮ್ಮ ಎಂದಳು.

"ಬಾಗಿನದ ಜೋಡಿ ಇದ್ಯಾ?"

"ಮುಗೀತಮ್ಮ."

"ಹಂಗನ್ನಬೇಡ ಮಾರಾಯ್ತಿ. ನನ್ನ ಮಗಳಿಗಾಗಿದ್ರೆ ಯಾವುದೋ ಸಂತೆ ಮೊರ ತಗೊಂಡು ಸುಮ್ನಾಗ್ತಿದ್ದೆ. ಇದು ತವರಿಲ್ಲದ ಹುಡುಗಿಗೆ. ನಮ್ಮ ಪಕ್ಕದ ಮನೆಯವಳು. ಗಂಡ ಫ್ಯಾಕ್ಟ್ರೀಲಿದಾನೆ, ತಮಿಳ್ನೋನು. ಹುಡುಗಿ ನಿಮ್ಮ ಪೈಕೀನೇ, ಮಾಂತಮ್ಮ ಅಂತ."

ವೀರಮ್ಮ ಕೈಯಲ್ಲಿದ್ದ ಸೀಳನ್ನು ಕೆಳಗಿಟ್ಟಳು.

"ಅವ್ವ ಸತ್ತೋದ್ರು, ತವರು ಅಲ್ಲಿಗೇ ಮುಗೀತು ಅಂತಾಳೆ. ಹೋದ ವರ್ಷ ಬೀದೀಲಿ ಎಲ್ಲರಿಗೂ ಬಾಗಿನ ಬಂತು. ಇವಳು ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ಲು. ಈಗ ಬಸುರಿ ಬೇರೆ. ಈ ಸಲ ನಾನೇ ನಿಮ್ಮವ್ವ ಅಂದ್ಕೊ ಅಂದೆ. ಬೇಡ ಬೇಡ ಅಂತಿದ್ದೋಳು ಕೊನೆಗೆ ಒಪ್ಕೊಂಡ್ಲು."

ಉಜ್ಜನಪ್ಪನ ಕತ್ತಿ ಅರ್ಧ ಸೀಳಿದ ಬಿದಿರಿನಲ್ಲಿ ನಿಂತಿತು. "ಏನಮ್ಮಾ, ಅವಳವ್ವ..."

"ಉಜ್ಜನಪ್ಪಣ್ಣ, ಒಂದು ಚೊಂಬು ನೀರು ತಗೊಂಡ್ಬಾ" ಎಂದಳು ವೀರಮ್ಮ. ಅವನು ಅವಳ ಮುಖ ನೋಡಿ, ಎದ್ದು ಹೋದ.

ಮಗಳು ಸುಳ್ಳು ಹೇಳಿರಲಿಲ್ಲ. ಹೊಸ್ತಿಲಲ್ಲಿ ಕೇಳಿಸಿಕೊಂಡದ್ದನ್ನೇ ಹೇಳಿದ್ದಳು. ಆದರೆ ಈಗ ತಾಯಿ ಬದುಕಿದ್ದಾಳೆಂದು ತಿಳಿದರೆ ಇಡೀ ಬೀದಿಗೆ ಅವಳು ಸುಳ್ಳುಗಾತಿಯಾಗುತ್ತಾಳೆ. ದಿನ ತುಂಬುವ ಕಾಲಕ್ಕೆ ಪಕ್ಕದಲ್ಲಿರುವವಳು ಈ ಹೆಂಗಸು. ಇವಳ ಮನಸ್ಸು ಮುರಿಯಬಾರದು. ವೀರಮ್ಮ ಬಟ್ಟೆ ಬಿಚ್ಚಿ ಜೋಡಿಯನ್ನು ಮುಂದಿಟ್ಟಳು.

"ಇದನ್ನ ತಗೊಂಡ್ಹೋಗಿ. ದುಡ್ಡು ಬೇಡ."

ಶಾಂತಮ್ಮ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಅದಾಗಲ್ಲ. ಪುಕ್ಕಟೆ ತಗೊಂಡ್ರೆ ಬಾಗಿನ ನಿಂದಾಗುತ್ತೆ, ನಂದಾಗಲ್ಲ. ತವರಿನೋಳು ನಾನು. ಬೆಲೆ ಹೇಳು."

ಕೊಳ್ಳಲು ಬಂದ ಎಷ್ಟೋ ತಾಯಂದಿರಿಗೆ ಈ ಮಾತನ್ನು ವೀರಮ್ಮನೇ ಹೇಳಿದ್ದಳು. ಎಲ್ಲರಿಗೂ ಹೇಳುವ ಬೆಲೆಯನ್ನೇ ಹೇಳಿದಳು. ಹಣ ತೆಗೆದುಕೊಂಡಳು. ಶಾಂತಮ್ಮ ಒಂದರ ಮೇಲೊಂದು ಮೊರ ಮುಚ್ಚಿ ನೋಡಿ ಸಂತೋಷಪಟ್ಟಳು.

"ಒಳ್ಳೆ ಕೈ ನಿಂದು. ಹೆಸರೇನು? ಮೇದರ ಹುಡುಗಿ ಅಲ್ವಾ, ಯಾರು ಹೆಣೆದಿದ್ದು ಅಂತ ಕೇಳೇ ಕೇಳ್ತಾಳೆ."

"ಹಬ್ಬದಲ್ಲಿ ತಗೊಂಡೆ ಅನ್ನಿ, ಸಾಕು."

ಉಜ್ಜನಪ್ಪ ನೀರು ತರುವಷ್ಟರಲ್ಲಿ ಶಾಂತಮ್ಮ ಜನರ ನಡುವೆ ಮರೆಯಾಗಿದ್ದಳು. "ಹೇಳಿದ್ಯಾ?" ಎಂದು ಕೇಳಿದ. ವೀರಮ್ಮ ತಲೆಯಾಡಿಸಿದಳು, ಇಲ್ಲವೆಂದು. ಸಂಜೆ ಅವಳು ಹತ್ತಿದ್ದು ಶಿವಮೊಗ್ಗದ ಬಸ್ಸು.

ಮನೆಯಲ್ಲಿ ಲಿಂಗಪ್ಪ ಅವಳ ಖಾಲಿ ಕೈ ನೋಡಿದ.

"ತಲುಪಿಸಿದ್ಯಾ?"

"ತಲುಪುತ್ತೆ."

"ಹೆಂಗಿದಾಳೆ?"

"ಬಸುರಿಯಂತೆ."

ಅವನ ಮುಖ ಅರಳಿತು. ಲಾಟೀನು ಹಿಡಿದು ಹಿತ್ತಿಲಿಗೆ ಹೋಗಿ, ತೊಟ್ಟಿಲಿಗೆ ಆಗುವಂಥ ಬಿದಿರನ್ನು ಒಂದೊಂದಾಗಿ ತಟ್ಟಿ ನೋಡುತ್ತ ಬೇರೆಯಿಡತೊಡಗಿದ. ವೀರಮ್ಮ ಬಾಗಿಲಲ್ಲಿ ನಿಂತಿದ್ದಳು. ಮಗಳ ಬೀದಿಗೆ ಸತ್ತವಳಾದ ಅವ್ವ ತೊಟ್ಟಿಲು ಕಳಿಸುವುದೆಂತು? ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.