ಕ್ಷಮಿಸಿದ್ದೇನೆ ಎಂದು ಹೇಳಲಾಗಲಿಲ್ಲ

ಗಂಡ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಹೊನ್ನಾಳಿಯಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಒಂದು ಸಂಜೆ ಯಾರದೋ ತೋಟದ ಮೋಟಾರ್ ನೋಡಲು ಸಂತೇಬೆನ್ನೂರಿಗೆ ಹೋಗಿದ್ದರು. ವಾಪಸು ಬರುವಾಗ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರೊಂದು ಇದ್ದಕ್ಕಿದ್ದಂತೆ ಅಡ್ಡ ತಿರುಗಿತು. ಬೈಕು ಅದಕ್ಕೆ ಬಡಿದು ಅವರು ಅಲ್ಲೇ ಹೋದರು. ಶಿವಮೊಗ್ಗದಲ್ಲಿ ಅವರ ತಂದೆತಾಯಿಯ ಪಕ್ಕ ಮಣ್ಣು ಮಾಡಿದೆವು. ನಮ್ಮ ಚರ್ಚಿನ ಸಭೆಯವರೆಲ್ಲ ಹಾಡುತ್ತಿದ್ದರು. ನಾನು ಶವಪೆಟ್ಟಿಗೆಯ ಮುಚ್ಚಳದಲ್ಲಿ ಸೊಟ್ಟಗೆ ಕೂತಿದ್ದ ಒಂದು ಮೊಳೆಯನ್ನೇ ನೋಡುತ್ತಿದ್ದೆ.

ರಜೆ ಮುಗಿಸಿ ನ್ಯಾಮತಿಯ ಶಾಲೆಗೆ ಮತ್ತೆ ಹೋಗತೊಡಗಿದೆ. ಪಾಠದ ಜೊತೆಗೆ, ಮಕ್ಕಳಿಗೆ ಬಡಿಸುವ ಮೊದಲು ಬಿಸಿಯೂಟದ ರುಚಿ ನೋಡುವುದೂ ಅಲ್ಲಿ ನನ್ನ ಕೆಲಸ. ಅಡುಗೆಯವರು ಸೌಟು ಹಿಡಿದು "ಉಪ್ಪು ಹೆಂಗೈತೆ ನೋಡ್ರಿ ಟೀಚರ್" ಅಂದರೆ, ಸರಿಯಿದೆ ಎನ್ನುತ್ತಿದ್ದೆ. ಆಮೇಲೆ ಮಕ್ಕಳು ಸಾರಿಗೆ ಉಪ್ಪೇ ಹಾಕಿಲ್ಲ ಎಂದು ಗಲಾಟೆ ಮಾಡುತ್ತಿದ್ದವು. ಸುಳ್ಳು ಹೇಳುತ್ತಿರಲಿಲ್ಲ, ನನಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೆ ಮೊಣಕಾಲು ನೋಯುತ್ತಿತ್ತು, ಅಷ್ಟೆ.

ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ಬಾಗಿಲು ತೆಗೆಯುತ್ತಿದ್ದೆ. ಕಟ್ಟೆಯ ಹತ್ತಿರ ಒಬ್ಬ ಗಂಡಸು, ಒಬ್ಬ ಬಸುರಿ ಹೆಂಗಸು ನಿಂತಿದ್ದರು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅವನೇ. ಜಾಮೀನಿನ ಮೇಲೆ ಹೊರಗೆ ಬಂದಿದ್ದ.

"ಅಕ್ಕಾ, ಇವರಿಗೆ ಅನ್ನ ಸೇರವಲ್ದು," ಅಂದಳು ಅವಳು. "ನಾನೇ ಕರ್ಕಂಡು ಬಂದೆ."

ಅವನು ಕಾಲಿಗೆ ಬೀಳಲು ಬಗ್ಗಿದ. ನಾನು ಹಿಂದೆ ಸರಿದೆ.

"ಕ್ಷಮಿಸೀನಿ ಅಂತ ಒಂದು ಮಾತು ಹೇಳ್ರಿ ಅಕ್ಕಾ, ಸಾಕು," ಅಂದಳು ಅವನ ಹೆಂಡತಿ.

"ನನಗೆ ಗೊತ್ತಿಲ್ಲ," ಅಂದೆ. ಅವಳ ಮುಖ ಬಿಸಿಲಿಗೆ ಬಾಡಿಹೋಗಿತ್ತು. "ಒಳಗೆ ಬರ್ರಿ. ಉಂಡು ಹೋಗ್ರಿ."

ಬೆಳಿಗ್ಗೆಯ ಅನ್ನ, ಬೇಳೆಸಾರು ಇತ್ತು. ಬಡಿಸಿದೆ. ಅವಳು ಉಂಡಳು. ಅವನು ತಟ್ಟೆಯ ಅಂಚು ಹಿಡಿದು ಸುಮ್ಮನೆ ಕೂತಿದ್ದ. ನನಗೆ ಸಿಟ್ಟು ಬರಲಿಲ್ಲ, ಕರುಣೆಯೂ ಬರಲಿಲ್ಲ. ಅವರು ಹೋದ ಮೇಲೆ ತಟ್ಟೆ ತೊಳೆದಿಟ್ಟೆ.

ಸುದ್ದಿ ಅದು ಹೇಗೋ ಸಭೆಗೆ ಮುಟ್ಟಿತು. ಅದೇ ವಾರ ಪಾಸ್ಟರು ಮನೆಗೆ ಬಂದರು. ಅವರ ಕಣ್ಣು ತುಂಬಿತ್ತು.

"ಕೊಂದವನಿಗೇ ಅನ್ನ ಇಟ್ರಲ್ಲಮ್ಮಾ! ಭಾನುವಾರ ಸಭೆಯಾಗ ಎದ್ದು, ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳ್ರಿ. ಹತ್ತು ಜನಕ್ಕೆ ಬಲ ಬರ್ತೈತೆ."

ಬೇಡ ಎನ್ನಲೂ ನನ್ನಲ್ಲಿ ತ್ರಾಣವಿರಲಿಲ್ಲ. ತಲೆಯಾಡಿಸಿದೆ.

ಭಾನುವಾರ ಹೆಸರು ಕರೆದಾಗ ಎದ್ದು ನಿಂತೆ. ಏನು ಹೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು. ದೇವರು ಬಲ ಕೊಟ್ಟ, ಕ್ಷಮಿಸಿದೆ, ಈಗ ಸಮಾಧಾನವಿದೆ ಎನ್ನಬೇಕು. ಅಂಥ ಎಷ್ಟೋ ಸಾಕ್ಷಿಗಳನ್ನು ಅದೇ ಚಾಪೆಯ ಮೇಲೆ ಕೂತು ಕೇಳಿದ್ದೆ. ಬಾಯಿ ತೆರೆದಾಗ ಬೇರೆಯೇ ಬಂತು.

"ನಾನು ಕ್ಷಮಿಸೀನಿ ಅಂತ ನೀವೆಲ್ಲ ತಿಳ್ಕಂಡೀರಿ. ಕ್ಷಮಿಸಿಲ್ಲ. ಆ ಹುಡುಗಿಗೆ ಹಸಿವಾಗಿತ್ತು, ಉಣಾಕೆ ಇಟ್ಟೆ. ನನಗೆ ಪ್ರಾರ್ಥನೆ ಮಾಡಾಕೂ ಆಗವಲ್ದು. ದೇವರ ಮುಂದೆ ನಿಂತು ಕ್ಷಮಿಸೀನಿ ಅಂತ ಹೆಂಗೆ ಹೇಳಲಿ?"

ಯಾರೋ ಸಾಕ್ಷಿ ಮುಗಿದಾಗಿನ ರೂಢಿಯಂತೆ "ಸ್ತೋತ್ರ" ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಪಾಸ್ಟರು ನೆಲ ನೋಡುತ್ತಿದ್ದರು. ನಾನು ಕೂತೆ.

ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬಾಕೆ, "ಹೊಸಬರು ಬಂದಿದ್ರು, ಹಂಗೆ ಹೇಳಬಾರದಿತ್ತು" ಎಂದು ಮುಖ ತಿರುಗಿಸಿದಳು. ನನ್ನ ಪಕ್ಕ ಕೂರುವ ಅಜ್ಜಿ ಮಾತ್ರ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಚನ್ನಗಿರಿಯ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು.

"ಮಗ ಸತ್ತಾಗ ನಾನೂ ದೇವರ ಕೂಡೆ ಮಾತು ಬಿಟ್ಟಿದ್ದೆ ಕಣವ್ವಾ. ಸಾಕ್ಷಿ ಮಾತ್ರ ಚೆಂದ ಹೇಳ್ತಿದ್ದೆ. ಮನೆಗೆ ಹೋಗಿ ಬಾಗಿಲು ಹಾಕ್ಕಂಡು ಕೂರ್ತಿದ್ದೆ. ನೀನು ಬರಾದು ಬಿಡಬೇಡ. ಪ್ರಾರ್ಥನೆ ನಾನು ಮಾಡ್ತೀನಿ, ನೀನು ಕೂತಿರು."

ಪಾಸ್ಟರು ಆ ವಾರವೇ ಮತ್ತೆ ಬಂದರು. ಕಾಫಿ ಕುಡಿಯುತ್ತ, "ನಿಮ್ಮನ್ನ ಕೇಳದೇ ನಾನೇ ತೀರ್ಮಾನ ಮಾಡ್ಬಿಟ್ಟೆ. ತಪ್ಪಾತಮ್ಮಾ," ಅಂದರು. ಪರವಾಗಿಲ್ಲ ಅಂದೆ. ಅವರ ಮೇಲೂ ನನಗೇನೂ ಅನ್ನಿಸಿರಲಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಭಾನುವಾರ ಅಜ್ಜಿಯ ಪಕ್ಕ ಹೋಗಿ ಕೂರುತ್ತೇನೆ. ಎಲ್ಲರೂ ಒಟ್ಟಿಗೆ ಹೇಳುವ ಕರ್ತನ ಪ್ರಾರ್ಥನೆಯಲ್ಲಿ, ನಮಗೆ ಕೆಡುಕು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಬಾಯಿ ಮುಚ್ಚುತ್ತೇನೆ. ಉಳಿದದ್ದನ್ನು ಹೇಳುತ್ತೇನೆ. ಮೊದಲು ಅದೂ ಆಗುತ್ತಿರಲಿಲ್ಲ.

ಕಳೆದ ತಿಂಗಳು ಚನ್ನಗಿರಿ ಕೋರ್ಟಿನ ಮುಂದೆ ಆ ಟ್ರ್ಯಾಕ್ಟರಿನವನ ಹೆಂಡತಿ ಸಿಕ್ಕಳು. ಕಂಕುಳಲ್ಲಿ ಮಗು, ಕಣ್ಣು ಮುಚ್ಚಿಕೊಂಡು ನರಳುತ್ತಿತ್ತು. ಹಣೆ ಮುಟ್ಟಿ ನೋಡಿದೆ.

"ಇಷ್ಟು ಜ್ವರ ಐತೆ, ಇಲ್ಲಿ ಯಾಕೆ ನಿಂತೀ? ನಡೀ ಆಸ್ಪತ್ರೆಗೆ," ಎಂದು ಗದರಿದೆ. ನನ್ನ ದನಿ ಅಷ್ಟು ಜೋರಾಗಿ ಕೇಳಿ ನಾನೇ ಬೆಚ್ಚಿದೆ. ತಾಯಿ ಮಗುವನ್ನು ಆಟೋ ಹತ್ತಿಸಿ, ನಾನು ಹೊನ್ನಾಳಿ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಕೂತ ಮೇಲೂ ಆ ಮಗುವಿನ ಹಣೆಯ ಬಿಸಿ ಅಂಗೈಯಲ್ಲಿ ಬಹಳ ಹೊತ್ತು ಇತ್ತು.