ಅಂಗೈ ತೋರಿಸಿದ ಮೇಲೂ

ನನ್ನ ಮಗನ ಮುಂದಿನ ಎರಡು ಹಲ್ಲು ಹೋದದ್ದು ಅವನಿಂದಲೇ. ಹೊಡೆದದ್ದು ಅವನ ಹಿರಿಮಗಳು, ಅದು ಹೌದು. ಆದರೆ ಹೊಡೆಯುವ ಮುಂಚೆ ಅವಳು ಅಂಗೈ ತೋರಿಸಿ ಬೇಡ ಅಂದಿದ್ದಳು. ಇವನು ನೋಡಿಯೂ ನಿಲ್ಲಿಸಲಿಲ್ಲ. ನಡೆದದ್ದು ಇಷ್ಟು. ಹುಡುಗಿ ಸುಮ್ಮಸುಮ್ಮನೆ ಹೊಡೆದಳು ಅಂತ ಆಲ್ದೂರಿನ ಅಂಗಡಿಗಳಲ್ಲಿ ಆಡಿಕೊಂಡದ್ದೆಲ್ಲ ಸುಳ್ಳು.

ಮಗನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಿಗೆ ಆಗ ಒಂಬತ್ತು ವರ್ಷ. ಮಾತಿಲ್ಲ. ಆಟಿಸಂ ಅಂತ ಡಾಕ್ಟರು ಹೇಳಿದ್ದರು. ಮಿಕ್ಸಿ ತಿರುಗಿದರೆ, ಕುಕ್ಕರ್ ಕೂಗಿದರೆ ಹತ್ತಿರ ಯಾರಿದ್ದರೂ ಕಚ್ಚುತ್ತಿದ್ದಳು. ನನ್ನ ಎಡಗೈಯಲ್ಲಿ ಗುರುತು ಈಗಲೂ ಇದೆ. ಒಂದು ದಿನ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ ಶುರುವಾದದ್ದೇ ತಡ, ಹಿತ್ತಾಳೆ ಚೊಂಬು ಬೀಸಿ ತಾಯಿಯ ಹಣೆ ಒಡೆದಳು. ಸೊಸೆ ಹೊಲಿಗೆ ಹಾಕಿಸಿಕೊಂಡು ಬಂದ ಸಂಜೆ ಮಗ ಹೇಳಿದ, "ಇನ್ನೊಂದು ಸಲ ಈ ಮನೇಲಿ ರಕ್ತ ಬಂದ್ರೆ ಇವಳನ್ನ ಬಯಲುಸೀಮೇಲಿರೋ ಇಂಥ ಮಕ್ಕಳ ಹಾಸ್ಟೆಲಿಗೆ ಬಿಟ್ಟು ಬರ್ತೀನಿ. ಚಿಕ್ಕವಳನ್ನಾದ್ರೂ ಉಳಿಸ್ಕೋಬೇಕಲ್ಲ." ಅವನು ಹೇಳಿದ್ದನ್ನು ಮಾಡುವವನು. ಸೊಸೆ ಹಣೆಯ ಬ್ಯಾಂಡೇಜು ಮುಟ್ಟಿಕೊಂಡು ಕೂತಳು.

ಆ ಸಮಯಕ್ಕೆ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಒಬ್ಬ ಹುಡುಗಿ ಬಂದಳು. ಸದ್ದು, ಬೆಳಕು, ಮೈಗೆ ತಾಗುವ ಬಟ್ಟೆ, ಇವೆಲ್ಲ ಆಟಿಸಂ ಇರುವ ಮಕ್ಕಳಿಗೆ ಹೇಗೆ ಅನ್ನಿಸುತ್ತದೆ, ಇಲ್ಲದವರಿಗೆ ಹೇಗೆ ಅಂತ ನೋಡಬೇಕಂತೆ. ನಮ್ಮಲ್ಲಿ ಎರಡೂ ಬಗೆಯವರು ಒಂದೇ ಜಗಲಿಯಲ್ಲಿ ಸಿಕ್ಕಿದರು.

"ನೋವಾಗುತ್ತೇನೇ?" ಅಂತ ಕೇಳಿದೆ.

"ಇಲ್ಲ ಅಜ್ಜಿ. ಬೇಡ ಅಂದ ಕೂಡ್ಲೇ ನಿಲ್ಲಿಸ್ತೀನಿ."

"ಅವಳಿಗೆ ಬೇಡ ಅನ್ನೋಕೂ ಬರಲ್ಲ, ಮಾರಾಯ್ತಿ."

ಹುಡುಗಿ ಅದನ್ನೇ ಮೊದಲು ಕಲಿಸಿದಳು. ಅಂಗೈ ಮುಂದೆ ಹಿಡಿದರೆ ಸದ್ದು ನಿಲ್ಲುತ್ತದೆ. ನಮ್ಮವಳು ಹಿಡಿದಳು, ನಿಂತಿತು. ಮತ್ತೆ ಹಿಡಿದಳು, ಮತ್ತೆ ನಿಂತಿತು. ಆ ವಾರ ಅವಳು ಯಾರನ್ನೂ ಕಚ್ಚಲಿಲ್ಲ.

ಪರೀಕ್ಷೆಯ ದಿನ ಇಬ್ಬರ ಬೆರಳಿಗೂ ಒಂದೊಂದು ಪಟ್ಟಿ ಸುತ್ತಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣದೊಂದು ಸದ್ದನ್ನು ಮತ್ತೆ ಮತ್ತೆ ಕೇಳಿಸಿದಳು. ಮೈ ಬೆಚ್ಚಿದಷ್ಟೂ ಲ್ಯಾಪ್‌ಟಾಪಿನಲ್ಲಿ ಗೆರೆ ಏಳುತ್ತದೆ. ಚಿಕ್ಕವಳ ಗೆರೆ ಮೊದಲು ಎದ್ದಿತು, ಆಮೇಲೆ ಮಲಗಿತು. ಹಿರಿಯವಳದು ಪ್ರತಿ ಸಲವೂ ಅಷ್ಟೇ ಎತ್ತರ.

"ಚಿಕ್ಕವಳಿಗೆ ಅಭ್ಯಾಸ ಆಯ್ತು," ಅಂದಳು ಹುಡುಗಿ. "ಇವಳಿಗೆ ಪ್ರತಿ ಸಲವೂ ಮೊದಲ ಸಲವೇ. ಆಟಿಸಂ ಇರೋ ಎಲ್ಲ ಮಕ್ಕಳೂ ಹೀಗೇ ಅಂತ ನಾನು ಹೇಳಲ್ಲ. ಇವಳು ಹೀಗೆ."

"ಅಂದ್ರೆ ಅಭ್ಯಾಸ ಸಾಲದು, ಅಷ್ಟೇ ತಾನೆ?" ಅಂದ ಮಗ.

"ಅಲ್ಲ ಸರ್. ಒತ್ತಾಯ ಮಾಡಿದ್ರೆ ಇನ್ನೂ ಕೆಡುತ್ತೆ."

ಅವನು ತಲೆಯಾಡಿಸಿದ. ಅದು ಅವನ ತಲೆಯೊಳಗೆ ಹೋಗಿರಲಿಲ್ಲ. ಅವನು ನಾಯಿ ಸಾಕಿದವನು. ತೋಟದ ನಾಯಿಮರಿ ಕೋವಿ ಸದ್ದಿಗೆ ಹೆದರಿದರೆ ನಮ್ಮ ಕಡೆ ಒಂದು ಕ್ರಮ ಉಂಟು. ಊಟ ಹಾಕಿ, ದೂರದಲ್ಲಿ ಒಂದು ಈಡು ಹೊಡೆಯುವುದು. ಆಮೇಲೆ ಸ್ವಲ್ಪ ಹತ್ತಿರ. ಕಡೆಗೆ ಪಕ್ಕದಲ್ಲೇ ಹೊಡೆದರೂ ಮರಿ ತಟ್ಟೆಯಿಂದ ಮೂತಿ ಎತ್ತುವುದಿಲ್ಲ. ಅವನಪ್ಪನೂ ಹಾಗೇ ಪಳಗಿಸುತ್ತಿದ್ದರು.

ಭಾನುವಾರ, ಆಳುಗಳಿಗೆ ರಜೆ. ಕಣದ ತುಂಬ ಸಿಪ್ಪೆ ಸುಲಿದ ಪಾರ್ಚ್ಮೆಂಟ್ ಕಾಫಿ ಒಣಗಲು ಹರಡಿತ್ತು. ಹಿರಿಯವಳಿಗೆ ಅದರ ಮೇಲೆ ಬರಿಗಾಲಲ್ಲಿ ಓಡಾಡುವುದು ಇಷ್ಟ. ಕಾಫಿ ಎಳೆಯುವ ಉದ್ದ ಹಿಡಿಯ ಹಲಗೆ ಹಿಡಿದು ಸಾಲು ಎಳೆಯುತ್ತಿದ್ದಳು. ಮಗ ಅವಳ ಮುಂದೆ ಒಂದು ತಟ್ಟೆ ಬಿಸ್ಕತ್ತು ಇಟ್ಟು ಹೋದ. ಅಕ್ಕರೆ ಅಂದುಕೊಂಡೆ. ಅವನು ಶೆಡ್ಡಿನ ಹಿಂದಿನಿಂದ ಮಂಗ ಓಡಿಸುವ ಪ್ಲಾಸ್ಟಿಕ್ ಪೈಪಿನ ಕೋವಿ ತಂದ. ಒಳಗೆ ಕಾರ್ಬೈಡ್, ಒಂದಿಷ್ಟು ನೀರು, ಹಿಂದಿನ ಲೈಟರ್ ಒತ್ತಿದರೆ ಗುಡ್ಡ ಅದುರುತ್ತದೆ.

ಒತ್ತಿದ. ಮೊಮ್ಮಗಳು ಕುಸಿದು ಕೂತಳು, ಲಂಗ ಒದ್ದೆಯಾಯಿತು. ಅವನ ಕಡೆ ತಿರುಗಿ ಅಂಗೈ ಹಿಡಿದಳು.

ಅವನು ಹತ್ತಿರ ಬಂದು ಮತ್ತೆ ಒತ್ತಿದ. ಅವಳು ಎದ್ದು ನಿಂತು ಎರಡೂ ಅಂಗೈ ಹಿಡಿದಳು.

"ಸಾಕು ಬಿಡೋ," ಅಂತ ಕೂಗುತ್ತ ನಾನು ಜಗಲಿ ಇಳಿದೆ. ಮಂಡಿ ನೋವಿನ ಕಾಲು, ಬೇಗ ಹೋಗಲಿಲ್ಲ. ಅವನು ಸುತ್ತಿ ಬಂದು ಒತ್ತಿದ ಮೂರನೆಯದು ಅವಳ ಬೆನ್ನ ಹಿಂದೆಯೇ ಸಿಡಿಯಿತು.

ಅವಳು ತಿರುಗಿದವಳೇ ಕೆಳಗೆ ಬಿದ್ದಿದ್ದ ಹಲಗೆ ಎತ್ತಿ ಅವನ ಬಾಯಿಗೆ ಬೀಸಿದಳು. ಸೌದೆ ಸೀಳಿದ ಹಾಗೆ ಕೇಳಿಸಿತು. ಕಾಫಿಯ ಮೇಲೆ ರಕ್ತ, ಹಲ್ಲು. ಅವನು ಅವಳ ಜಡೆ ಹಿಡಿದು ಕೆಡವಿ ಒದೆಯತೊಡಗಿದ, ಹೊಟ್ಟೆಗೆ, ಪಕ್ಕೆಗೆ. ಸೊಸೆ ಓಡಿ ಬಂದು ಮಗುವಿನ ಮೇಲೆ ಬಿದ್ದಳು. ಅವಳಿಗೂ ಒದ್ದ. ಹಣೆಯ ಹೊಲಿಗೆ ಬಿಚ್ಚಿಕೊಂಡಿತು. ನಾನು ಅದೇ ಹಲಗೆ ಎತ್ತಿ ಅವನ ಮೊಣಕಾಲ ಹಿಂದೆ ಹೊಡೆದೆ. ಬಿದ್ದ. ಬಿದ್ದ ಮೇಲೂ ಹೆಗಲಿಗೆ ಒಂದು ಕೊಟ್ಟೆ. ಹೆತ್ತವಳು ನಾನು, ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಸಂಜೆ ಅವನು ಬಾಯಿಗೆ ಬಟ್ಟೆ ಒತ್ತಿಕೊಂಡು ಹಿರಿಯವಳ ಬಟ್ಟೆ ಬ್ಯಾಗಿಗೆ ತುಂಬಿ ಜೀಪಿನಲ್ಲಿಟ್ಟ.

"ಬೆಳಿಗ್ಗೆ ಬಿಟ್ಟು ಬರ್ತೀನಿ. ರಕ್ತ ಬಂತಲ್ಲ, ನೋಡಿದ್ಯಲ್ಲ."

"ಅವಳು ಅಂಗೈ ತೋರಿಸಿದ್ದು ನೀನು ನೋಡಿದ್ಯಾ?" ಅಂದೆ.

"ನೋಡಿದೆ."

"ನೋಡಿ ಒತ್ತಿದೆ."

"ಮರಿಗಳೂ ಮೊದಮೊದಲು ಹಾಗೇ ಮಾಡ್ತವಮ್ಮ."

"ಮರಿಯಾಗಿದ್ರೆ ಬಾಲ ಮುದುರಿ ಓಡ್ತಿತ್ತು. ನಿನ್ನ ಹಲ್ಲಾದ್ರೂ ಉಳೀತಿತ್ತು."

ಅವನು ಎದ್ದು ಒಳಗೆ ಹೋದ.

ಮರುದಿನ ಬೆಳಿಗ್ಗೆ ಅವನು ಏಳುವ ಮುಂಚೆ ಜೀಪಿನ ಕೀಲಿ ನನ್ನ ಸೆರಗಿನ ತುದಿಗೆ ಕಟ್ಟಿದೆ. ಬ್ಯಾಗು ಇಳಿಸಿ ಮೊಮ್ಮಗಳ ಬಟ್ಟೆಯನ್ನು ಮತ್ತೆ ಕಪಾಟಿನಲ್ಲಿಟ್ಟೆ. ಪೈಪಿನ ಕೋವಿಯನ್ನು ಸೌದೆ ಕೊರಡಿನ ಮೇಲಿಟ್ಟು ಕತ್ತಿಯಲ್ಲಿ ತುಂಡು ತುಂಡು ಕಡಿದೆ. ಅಷ್ಟರಲ್ಲಿ ಕಿತ್ತಳೆ ಗಿಡಕ್ಕೆ ಮಂಗಗಳು ಬಂದಿದ್ದವು. ಕುರ್ಚಿ ಎಳೆದುಕೊಂಡು ಹೋಗಿ, ಉದ್ದದ ಕೋಲೊಂದು ಹಿಡಿದು, ಸದ್ದು ಮಾಡದೆ ಅವನ್ನು ಓಡಿಸುತ್ತ ಅಲ್ಲೇ ಕೂತೆ.