ಕಸ್ತೂರಮ್ಮನ ಮನೆಯ ಕುಡುಗೋಲು

ಸೂಳೆಕೆರೆ ಸುತ್ತಿನ ಊರುಗಳಲ್ಲಿ ಬಾಣಂತಿ ಇರುವ ಮನೆಯನ್ನು ಯಾರೂ ತೋರಿಸಿಕೊಡಬೇಕಿಲ್ಲ. ಬಾಗಿಲ ಮೇಲೆ ಬೇವಿನ ಸೊಪ್ಪು, ಹೊಸ್ತಿಲ ಪಕ್ಕ ಸವೆದ ಪೊರಕೆ, ಅದರ ಜೊತೆ ಒಂಟಿ ಹಳೇ ಚಪ್ಪಲಿ, ಒಳಗಿನಿಂದ ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಇಷ್ಟೆಲ್ಲ ಯಾರಿಗೆ ಅಂದರೆ, ಬಾಣಂತಿಯಾಗಿ ಸತ್ತು, ದಾಹ ತೀರದೆ ಬೇರೆ ಬಾಣಂತಿಯರ ನೆತ್ತರು ಕುಡಿಯಲು ಬರುವವಳಿಗೆ. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತಾಳೆಂದು ಎಲ್ಲರೂ ‘ಅವಳು’ ಅನ್ನುತ್ತಾರೆ, ಅಷ್ಟೆ. ಅವಳು ಚಪ್ಪಲಿಗೆ ಹೆದರುತ್ತಾಳೋ ಇಲ್ಲವೋ, ನೆಂಟರಂತೂ ಹೆದರಿ ಹೊರಗಿನಿಂದಲೇ ಮಾತಾಡಿಸಿ ಹೋಗುತ್ತಾರೆ.

ಆದರೆ ಇವೆಲ್ಲ ಬಾಗಿಲು ಕಾಯುವ ಜವಾನರು. ಸಾಹೇಬರು ಅಂದರೆ ಕಸ್ತೂರಮ್ಮನ ಮನೆಯ ಕುಡುಗೋಲು. ಅವಳ ಅತ್ತೆ ಬಾಣಂತಿಯಾಗಿದ್ದಾಗ ಪಕ್ಕದ ಮನೆಯವಳ ವೇಷದಲ್ಲಿ ‘ಅವಳು’ ಬಂದು ಕೆಂಡ ಕೇಳಿದಳಂತೆ. ಬಂದವಳಿಗೆ ನೆರಳಿಲ್ಲದ್ದು ಕಂಡು ಅತ್ತೆ ದಿಂಬಿನ ಕೆಳಗಿನ ಕುಡುಗೋಲು ಎತ್ತಿ ತೋರಿಸಿದ್ದೇ ತಡ, ಓಟ ಕಿತ್ತಳಂತೆ. ಅಲ್ಲಿಂದ ಆ ಕುಡುಗೋಲಿನಲ್ಲಿ ಯಾರೂ ಹುಲ್ಲು ಕೊಯ್ದಿಲ್ಲ. ಬಾಣಂತಿಯರ ತಲೆದಿಂಬಿನ ಕೆಳಗೆ ಮಲಗುವುದೇ ಅದರ ಕೆಲಸ. ಒಮ್ಮೆ ಒಂದು ಮನೆಗೆ ಹೋಯಿತೆಂದರೆ ಅಲ್ಲಿನ ಬಾಣಂತನ ಮುಗಿಯುವ ತನಕ ಎತ್ತುವಂತಿಲ್ಲ. ಎತ್ತಿದರೆ ಹೊರಗೆ ಕಾದಿರುವವಳು ಅದೇ ಮನೆಗೆ ನುಗ್ಗುತ್ತಾಳೆಂದು ಅತ್ತೆ ಹೇಳಿ ಸತ್ತಿದ್ದಳು.

ಗಂಡ ಹಾಲಸ್ವಾಮಿ ತೀರಿಕೊಂಡ ಮೇಲೆ ಕಸ್ತೂರಮ್ಮ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗಿ ಒಬ್ಬಳೇ ಮಗಳು ಪೂಜಾಳನ್ನು ಸಾಕಿದಳು. ಬಾಯಿ ಜೋರು. ಒಂದು ಲೋಟ ಮಜ್ಜಿಗೆ ಕೇಳಿದರೂ ಹತ್ತು ಮಾತು ಅಂದು ಕೊಡುವ ಹೆಂಗಸು, ಕುಡುಗೋಲು ಕೇಳಿದರೆ ಮಾತ್ರ ತುಟಿ ಬಿಚ್ಚದೆ ಎದ್ದು ತಂದುಕೊಡುತ್ತಿದ್ದಳು. ಜಾತಿ ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಊರಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಅದರಿಂದಲೇ ಬಂದದ್ದು.

ಪೂಜಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಗ ನಲ್ಲೂರಿನಿಂದ ಬಳೆ ಮಾರುವ ಜಹಾನಾರಾ ಅಳುತ್ತಾ ಬಂದಳು. ಅವಳ ಮಗಳು ಸಾಜಿದಾಗೆ ಹೆರಿಗೆಯಾಗಿತ್ತು. ಹಿಂದಿನ ಸಲ ಕೂಸು ಉಳಿದಿರಲಿಲ್ಲ. ಪೂಜಾಗೆ ಇನ್ನೂ ದಿನ ಇತ್ತು. ಕಸ್ತೂರಮ್ಮ ಕುಡುಗೋಲು ಕೊಟ್ಟಳು. ಪೂಜಾಗೆ ನೋವು ಬೇಗ ಬಂತು. ಚನ್ನಗಿರಿ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಹೆಣ್ಣುಮಗು ಆಯಿತು. ರಕ್ತ ಹೆಚ್ಚು ಹೋದರೆ ತಡಮಾಡದೆ ಕರೆತನ್ನಿ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ದಿಂಬಿನ ಕೆಳಗೆ ಹುಲ್ಲು ಕೊಯ್ಯುವ ಕುಡುಗೋಲನ್ನೇ ಇಟ್ಟು ಕಸ್ತೂರಮ್ಮ ಸಮಾಧಾನ ಮಾಡಿಕೊಂಡಳು. ಸಮಾಧಾನ ಆಗಲಿಲ್ಲ.

ಒಂದು ಬೆಳಿಗ್ಗೆ ಪೂಜಾಳ ಸೀರೆ, ಹಾಸಿಗೆ ಎಲ್ಲ ನೆನೆದಿತ್ತು.

“ಆಂಬುಲೆನ್ಸ್‌ಗೆ ಫೋನ್ ಮಾಡಾನ ಅಕ್ಕಾ,” ಅಂದಳು ಪಕ್ಕದ ಮನೆಯ ಶಾಂತಾದೇವಿ.

“ಬರೀ ಕೈಯಾಗೆ ಹೊಸ್ತಿಲು ದಾಟಿಸಿದ್ರೆ ಅವ್ಳು ದಾರಿಯಾಗೇ ಹಿಡೀತಾಳೆ. ಕುಡುಗೋಲು ತರ್ತೀನಿ, ಕೈಯಾಗೆ ಹಿಡ್ಸಿ ಕರ್ಕೊಂಡು ಹೋಗಾಣ. ಇವ್ಳನ್ನ ನೋಡ್ಕಾ.”

“ಬೇಗ ಬಾರವ್ವಾ,” ಅಂದಳು ಪೂಜಾ. ಅವಳಿಗೂ ಅದೇ ನಂಬಿಕೆ. ತಾಯಿ ಹಾಲಿನ ಜೊತೆ ಕುಡಿಸಿದ್ದು.

ರಸ್ತೆಯಲ್ಲಿ ಕೆಂಚೇಶ್ ಆಟೋ ನಿಲ್ಲಿಸಿಕೊಂಡಿದ್ದ. “ಆಸ್ಪತ್ರೆಗೇನಕ್ಕಾ?” ಅಂದ. ಅವಳು ಇಲ್ಲವೆಂದು ತಲೆಯಾಡಿಸಿ ನಲ್ಲೂರಿನ ಬಸ್ಸು ಹತ್ತಿದಳು.

ಜಹಾನಾರಾ ಬಾಗಿಲಲ್ಲೇ ಎದುರಾದಳು. “ಬರ್ರಿ ಅಕ್ಕಾ, ಪೂಜಾ ಹೆಂಗೈದಾಳೆ?”

ಒಳಗೆ ಸಾಜಿದಾ ಕೂಸಿನ ಮೇಲೆ ಕೈಯಿಟ್ಟು ನಿದ್ದೆ ಹೋಗಿದ್ದಳು. ದಿಂಬಿನ ಅಂಚಿನಲ್ಲಿ ಕುಡುಗೋಲಿನ ಹಿಡಿ ಕಾಣುತ್ತಿತ್ತು. ಬಗ್ಗಿ ಎಳೆದರೆ ಸಾಕಿತ್ತು. ಎಳೆದರೆ ಈ ಮನೆಗೆ ಏನಾಗುತ್ತದೆಂದು ಕಸ್ತೂರಮ್ಮನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ತನ್ನ ಮಗಳ ಪಾಲಿನ ಸಾವನ್ನು ಇನ್ನೊಬ್ಬಳ ಮಗಳಿಗೆ ದಾಟಿಸಲು ಅವಳ ಕೈ ಬರಲಿಲ್ಲ.

“ಚೆನ್ನಾಗೈದಾಳೆ. ಹಿಂಗೇ ಕೂಸು ನೋಡಾಕೆ ಬಂದೆ,” ಅಂದು ತಿರುಗಿದಳು.

ಬಸ್ಸಿನಲ್ಲಿದ್ದಾಗಲೇ ಫೋನ್ ಬಂತು. ಪೂಜಾಳಿಗೆ ಎಚ್ಚರ ತಪ್ಪಿದ್ದರಿಂದ ಶಾಂತಾದೇವಿ ಕೆಂಚೇಶನ ಆಟೋದಲ್ಲೇ ಚನ್ನಗಿರಿಗೆ ಹೊರಟಿದ್ದಳು. ಆಸ್ಪತ್ರೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತು. ಬೆಳಿಗ್ಗೆಯೇ ತಂದಿದ್ದರೆ ರಕ್ತ ಕೊಟ್ಟು ನೋಡಬಹುದಿತ್ತು ಅಂದರು ಡಾಕ್ಟರು. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಣ್ಣು ಮಾಡಿ ಬರುವಾಗ ಹಿರಿಯರು ದಾರಿಯುದ್ದಕ್ಕೂ ಸಾಸಿವೆ ಚೆಲ್ಲುತ್ತಾ ಬಂದರು. ಬಾಣಂತಿಯಾಗಿ ಸತ್ತವಳು ವಾಪಸ್ಸು ಬರಲು ಹೊರಟರೆ ಕಾಳು ಎಣಿಸುತ್ತಲೇ ಬೆಳಗು ಮಾಡಲಿ ಎಂದು. ಕಸ್ತೂರಮ್ಮ ಅದನ್ನು ನೋಡಿಯೂ ನೋಡದವಳಂತೆ ನಡೆದಳು. ಕೂಸನ್ನು ಬೀಗರು ಎತ್ತಿಕೊಂಡು ಹೋದರು.

ಊರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಮಗಳನ್ನು ಕೊಟ್ಟಳೇ ಹೊರತು ಕೊಟ್ಟ ಕುಡುಗೋಲು ವಾಪಸ್ಸು ಕೇಳಲಿಲ್ಲ ಅಂದರು. ಆ ಹೊಗಳಿಕೆಗೆ ಬೆಂಕಿ ಹಾಕ. ಕುಡುಗೋಲು ನಿಜವಾದರೆ, ಕೇಳದೆ ಬಂದು ಮಗಳನ್ನು ಕೊಂದವಳು ತಾನು. ಸುಳ್ಳಾದರೆ, ಆಟೋ ಬಿಟ್ಟು ಬಸ್ಸು ಹತ್ತಿ ಕೊಂದವಳೂ ತಾನೇ. ಗೋಡೆಗೆ ಒರಗಿ ಕೂತು ಅವಳು ಇದನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದಳು.

ಸಾಜಿದಾಳ ಬಾಣಂತನ ಮುಗಿದ ಮೇಲೆ ಜಹಾನಾರಾ ಕುಡುಗೋಲು ತಂದು ಮುಂದಿಟ್ಟಳು. “ಒಂದ್ ಮಾತು ಕೇಳಿದ್ರೆ ಎತ್ತಿ ಕೊಡ್ತಿದ್ನಲ್ರೀ ಅಕ್ಕಾ!” ಎಂದು ಗೋಳಾಡಿ ಹೋದಳು.

ಅವಳು ಹೋದ ಹಿಂದೆಯೇ ಮೇಲಿನ ಓಣಿಯ ಲಕ್ಷ್ಮಿದೇವಿ ಬಂದಳು. ಅವಳ ಸೊಸೆಗೆ ದಿನ ತುಂಬಿತ್ತು.

“ಕುಡುಗೋಲು ಬೇಕಿತ್ತು ಕಸ್ತೂರಕ್ಕಾ.”

“ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ.”

“ಅದಕ್ಕೂ ಹೋಗಾಣ. ಮೊದ್ಲು ಇದು ಮನ್ಯಾಗಿರ್ಲಿ. ಮುಂಚಿನಂಗಲ್ಲ ಈಗ, ಊರಾಗೇ ಒಬ್ಳು…”

ಲಕ್ಷ್ಮಿದೇವಿ ನಾಲಿಗೆ ಕಚ್ಚಿಕೊಂಡಳು. “ಅವ್ಳು ಬಂದ್ರೆ ಅಂತ ಹೆದ್ರಿಕೆ ಅಕ್ಕಾ,” ಅಂದಳು ಮೆಲ್ಲಗೆ.

ಅವಳು ಅಂದರೆ ಯಾರೆಂದು ಕಸ್ತೂರಮ್ಮನಿಗೆ ಆಗ ಅರ್ಥವಾಯಿತು. ಪೂಜಾ ಎಂಬ ಹೆಸರನ್ನು ಈ ಊರಲ್ಲಿ ಇನ್ನು ಯಾರೂ ಹೇಳುವುದಿಲ್ಲ. ಆದರೂ, ಬಸುರಿ ಹೆಂಗಸಿನ ಮನೆಯವರನ್ನು ಬರಿಗೈಲಿ ಕಳಿಸಿ ಗೊತ್ತಿಲ್ಲದ ಕೈ, ಎದ್ದು ಕುಡುಗೋಲು ಕೊಟ್ಟಿತು.

ಲಕ್ಷ್ಮಿದೇವಿ ಹೋದ ಮೇಲೆ ಅವಳು ತನ್ನ ಬಾಗಿಲಿನ ಒಣಗಿದ ಬೇವು ಕಿತ್ತು ಎಸೆದಳು. ಪೊರಕೆ ಒಳಗಿಟ್ಟಳು, ಚಪ್ಪಲಿ ಬಿಸಾಡಿದಳು, ಬೀದಿಯಲ್ಲಿ ಉಳಿದಿದ್ದ ಸಾಸಿವೆಯನ್ನು ಕೈಗೆ ಸಿಕ್ಕಷ್ಟು ಬಳಿದಳು. ಅವತ್ತಿನಿಂದ ಆ ಮನೆಗೆ ಚಿಲಕ ಹಾಕುವುದಿಲ್ಲ. ಪೂಜಾ ಇನ್ನೂ ಬಂದಿಲ್ಲ.